ನೀರು ಇಳಿಯಿತು, ಲೋಕ ತೆರೆಯಿತು

ಮಾರ್ಚ್ ತಿಂಗಳಲ್ಲಿ ಬಯಲುಸೀಮೆಯ ಯಾವುದಾದರೂ ಊರಿನ ಕೆರೆ ಏರಿ ಹತ್ತಿ ನೋಡಿ. ತೂಬಿನ ಬಳಿ ಒಂದಿಷ್ಟು ನೀರು, ಅದರಾಚೆ ರಾಡಿ, ರಾಡಿಯಾಚೆ ಬಿರುಕು ಬಿಟ್ಟ ಕರಿಮಣ್ಣು. ಕೆರೆ ಬತ್ತಿತು ಎಂದು ಊರು ನಿಟ್ಟುಸಿರು ಬಿಟ್ಟು ಮುಖ ತಿರುಗಿಸುವ ಹೊತ್ತು ಅದು. ನೀವು ತಿರುಗಿಸಬೇಡಿ. ಬೈನಾಕ್ಯುಲರ್ ಎತ್ತಿ ಆ ರಾಡಿಯ ಮೇಲೆ ಕಣ್ಣಿಡಿ, ಒಂದು ನಿಮಿಷ ತಾಳಿ. ಮಣ್ಣೇ ಓಡಾಡತೊಡಗುತ್ತದೆ! ಹೆಂಟೆ ಎಂದುಕೊಂಡದ್ದು ಎದ್ದು ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಕುಕ್ಕುತ್ತದೆ. ಪಕ್ಕದ ಹೆಂಟೆಯೂ ಓಡುತ್ತದೆ. ಕಣ್ಣು ಪಳಗುತ್ತ ಹೋದಂತೆ ಹತ್ತು ಕಂಡದ್ದು ಐವತ್ತಾಗುತ್ತದೆ, ಐವತ್ತು ಮುನ್ನೂರಾಗುತ್ತದೆ. ಅಷ್ಟರಲ್ಲಿ ಜೌಗು ಸೆಳೆವ ಎಂಬ ಬೇಟೆಹಕ್ಕಿಯೊಂದು ರೆಕ್ಕೆ ಚಾಚಿ ತೇಲುತ್ತ ಬಂದಿತೆನ್ನಿ, ಇಡೀ ಕೆರೆಯಂಗಳ ಒಮ್ಮೆಲೇ ಗಾಳಿಗೇಳುತ್ತದೆ. ಗುಂಪಿಗೆ ಗುಂಪೇ ಒಂದೇ ಮೈಯಾಗಿ ತಿರುಗಿ ಬೆಳ್ಳಗೆ ಮಿಂಚುತ್ತದೆ, ಮತ್ತೆ ತಿರುಗಿ ಕಂದಾಗಿ ಮಾಯವಾಗುತ್ತದೆ, ನೋಡನೋಡುತ್ತಿದ್ದಂತೆ ಇನ್ನೊಂದು ಬದಿಯ ಕೆಸರಿಗೆ ಇಳಿದುಬಿಡುತ್ತದೆ.

ಯಾರಿವು? ಎಲ್ಲಕ್ಕಿಂತ ಚಿಕ್ಕದನ್ನೇ ಮೊದಲು ನೋಡೋಣ. ಅದು ಲಿಟಲ್ ಸ್ಟಿಂಟ್. ತೂಕ 25 ಗ್ರಾಂ ಆಸುಪಾಸು, ಮುಷ್ಟಿಯಲ್ಲಿ ಮುಚ್ಚಿದರೆ ಹೊರಗೆ ಕಾಣದಷ್ಟು ಮೈ. ಇದು ಹುಟ್ಟಿದ್ದು ನಾರ್ವೆಯ ಉತ್ತರದಂಚಿನಿಂದ ಸೈಬೀರಿಯದವರೆಗೆ ಹಬ್ಬಿದ ಟಂಡ್ರಾದಲ್ಲಿ. ಮರ ಬೆಳೆಯದ, ಬೇಸಿಗೆಯಲ್ಲಿ ಸೂರ್ಯ ಮುಳುಗದ ನೆಲ ಅದು. ಸೈಬೀರಿಯದ ತೈಮೀರ್ ಪರ್ಯಾಯದ್ವೀಪದಿಂದ ಗದಗಕ್ಕೆ ನೇರ ಗೆರೆ ಎಳೆದರೂ ಆರು ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ಆರ್ಕ್‌ಟಿಕ್ ಸಾಗರದಿಂದ ಹಿಂದೂ ಮಹಾಸಾಗರದವರೆಗೆ 30 ದೇಶಗಳ ಮೇಲೆ ಹಾಯುವ ಮಧ್ಯ ಏಷ್ಯಾದ ವಲಸೆ ದಾರಿ ಎಂಬುದೊಂದಿದೆ. ಕನಿಷ್ಠ 182 ಜಾತಿಯ ನೀರಹಕ್ಕಿಗಳು ಅದನ್ನು ಬಳಸುತ್ತವೆ. ಆ ಹೆದ್ದಾರಿ ನಿಮ್ಮೂರ ದನ ನೀರು ಕುಡಿಯುವ ಕೆರೆಯ ಮೇಲೂ ಹಾದುಹೋಗಿದೆ. ನಿಮ್ಮ ಕಾಲ ಬಳಿ ಕೆಸರು ಕುಕ್ಕುತ್ತಿರುವ ಈ ಪುಟ್ಟ ಜೀವ ಹಿಮಾಲಯದಾಚೆಯ ಆಕಾಶ ಕಂಡು ಬಂದಿದೆ. ಇನ್ನು ಕೆಲವೇ ವಾರಗಳಲ್ಲಿ ಅಲ್ಲಿಗೇ ಮರಳಲಿದೆ.

ಅಷ್ಟು ದೂರದಿಂದ ಬಂದವು ತುಂಬಿ ತುಳುಕುವ ಕೆರೆ ಬಿಟ್ಟು ಬತ್ತುವ ಕೆರೆಯನ್ನೇ ಏಕೆ ಹುಡುಕುತ್ತವೆ? ಉತ್ತರ ನಮ್ಮ ಕೆರೆಗಳ ಮೈಯಲ್ಲೇ ಇದೆ. ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸಿದರು. ಏರಿಯ ಬುಡದಲ್ಲಿ ಆಳ. ಹಿಂದಕ್ಕೆ ಹೋದಂತೆ ನೆಲ ಕಣ್ಣಿಗೇ ಕಾಣದಷ್ಟು ನಿಧಾನವಾಗಿ ಏರುತ್ತ ಹೋಗಿ ಕೊನೆಗೆ ಹೊಲಕ್ಕೆ ಸೇರಿಹೋಗುತ್ತದೆ. 500 ಅಡಿಗೆ 1 ಅಡಿ ಏರುವ ಅಂಗಳವೊಂದನ್ನು ಊಹಿಸಿಕೊಳ್ಳಿ. ಬಿಸಿಲಿಗೋ ತೂಬಿಗೋ ನೀರು ಒಂದೇ ಒಂದು ಅಂಗುಲ ಇಳಿದರೂ ಅಲ್ಲಿ ನೀರಿನ ಅಂಚು 500 ಅಂಗುಲ, ಅಂದರೆ 40 ಅಡಿಗೂ ಹೆಚ್ಚು ಹಿಂದೆ ಸರಿಯುತ್ತದೆ! ಇಡೀ ಹಿಂಬದಿಯ ಉದ್ದಕ್ಕೂ ಅಷ್ಟಗಲದ ಹೊಸ ಕೆಸರು, ಯಾವ ಕೊಕ್ಕೂ ಈವರೆಗೆ ಮುಟ್ಟದ ಕೆಸರು, ಬೆಳಕಿಗೆ ಬರುತ್ತದೆ. ಅದು ಒಣಗಿ ಗಟ್ಟಿಯಾಗುವಷ್ಟರಲ್ಲಿ ಮುಂದಿನ ಪಟ್ಟಿ ತೆರೆದಿರುತ್ತದೆ. ಹೀಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಆ ಅಂಚು ಹಿಂದೆ ಸರಿಯುತ್ತದೆ, ಸಾವಿರಾರು ಕಾಲುಗಳು ಅದರ ಜೊತೆಯಲ್ಲೇ ಸರಿಯುತ್ತವೆ. ತುಂಬಿದ ಕೆರೆ ಈಜುವ ಬಾತುಗಳದು. ಇಳಿಯುವ ಕೆರೆ ನಡೆಯುವ ಹಕ್ಕಿಗಳದು.

ಆ ಕೆಸರಲ್ಲಿ ಏನಿದೆ ಎಂದು ತಿಳಿಯಬೇಕೇ? ಒಂದು ಹಿಡಿ ತೆಗೆದು ನೀರಲ್ಲಿ ಜಾಲಾಡಿ. ಕಡುಗೆಂಪು ಹುಳುಗಳು ನುಲಿಯುತ್ತ ಮೇಲೆ ಬರುತ್ತವೆ. ಸಂಜೆ ಕೆರೆ ದಂಡೆಯಲ್ಲಿ ಮೋಡಗಟ್ಟಿ ಹಾರುವ, ಸೊಳ್ಳೆಯಂತೆ ಕಂಡರೂ ಕಚ್ಚದ ಕೈರೊನೊಮಿಡ್ ಕೀಟಗಳ ಮರಿಹುಳುಗಳಿವು. ಈ ಕೆಂಪು ಹಿಮೋಗ್ಲೋಬಿನ್ನಿನದು, ನಮ್ಮ ರಕ್ತಕ್ಕೆ ಬಣ್ಣ ಕೊಡುವ ಅದೇ ಬಗೆಯ ವಸ್ತು! ಆಮ್ಲಜನಕ ತೀರಾ ಕಡಿಮೆಯಿರುವ ಕೆಸರಿನೊಳಗೆ ಸಿಕ್ಕಷ್ಟನ್ನು ಹಿಡಿದಿಟ್ಟುಕೊಳ್ಳಲು ಅವು ಮೈಯಲ್ಲಿ ಅದನ್ನು ತುಂಬಿಕೊಂಡಿವೆ. ಅವುಗಳ ಜೊತೆ ಸಣ್ಣ ಬಸವನಹುಳುಗಳು, ನೀರುಜೀರುಂಡೆಯ ಮರಿಗಳು, ಜೊಂಡಿನ ಬೀಜಗಳು. ಮಳೆಗಾಲದಲ್ಲಿ ಇಡೀ ಕೆರೆಯಲ್ಲಿ ಹರಡಿಹೋಗಿದ್ದ ಜೀವವೆಲ್ಲ ನೀರು ಕುಗ್ಗಿದಂತೆ ಒತ್ತೊತ್ತಾಗಿ ಒಂದೆಡೆ ಸೇರುತ್ತದೆ. ಸಾವಿರಾರು ಮೈಲಿ ಹಾರಲು ಬೇಕಾದ ಕೊಬ್ಬು ಹುಟ್ಟುವುದು ಇಲ್ಲಿಯೇ.

ಇನ್ನು ಊಟಕ್ಕೆ ಕೂರುವ ಕ್ರಮ ನೋಡಬೇಕು! ಮದುವೆಮನೆಯ ಪಂಕ್ತಿಯಲ್ಲೂ ಇಷ್ಟು ಅಚ್ಚುಕಟ್ಟು ಸಿಗದು. ಒಣಗಿದ ನೆಲದ ಮೇಲೆ ಟಿಟ್ಟಿಭಗಳು. ಅದರಿಂದ ಒಂದು ಹೆಜ್ಜೆ ಕೆಳಗೆ, ತೇವ ಆರುತ್ತಿರುವ ಮಣ್ಣಿನಲ್ಲಿ, ಕಣ್ಣಿನ ಸುತ್ತ ಹಳದಿ ಬಳೆಯಿರುವ ಪುಟ್ಟ ಪ್ಲವರ್‌ಗಳು. ಇವುಗಳ ಕೊಕ್ಕು ಮೊಂಡು, ಕಣ್ಣು ದೊಡ್ಡದು. ಓಡಿ, ನಿಂತು, ದಿಟ್ಟಿಸಿ, ಚಕ್ಕನೆ ಹೆಕ್ಕುವುದು ಇವುಗಳ ಪಟ್ಟು. ಕೆಲವೊಮ್ಮೆ ಒಂದು ಕಾಲನ್ನು ಕೆಸರಿನ ಮೇಲಿಟ್ಟು ಪಟಪಟನೆ ನಡುಗಿಸುತ್ತವೆ. ಅಡಗಿದ್ದ ಹುಳು ಗಾಬರಿಯಾಗಿ ಅಲುಗಿದರೆ ಮುಗಿಯಿತು. ಇನ್ನೊಂದು ಹೆಜ್ಜೆ ಕೆಳಗೆ, ನೀರು ಬರೀ ಪೊರೆಯಾಗಿ ಹೊಳೆಯುವಲ್ಲಿ ಸ್ಟಿಂಟ್‌ಗಳು, ತಲೆ ಎತ್ತದೆ ಕುಕ್ಕುತ್ತಲೇ ಇರುತ್ತವೆ. ಗೆಣ್ಣುದ್ದ ನೀರಲ್ಲಿ ಅಡವಿ ಗದ್ದೆಗೊರವಗಳು, ರಫ್‌ಗಳು. ಮೊಣಕಾಲುದ್ದದಲ್ಲಿ ನೀಳ ಕೊಕ್ಕಿನ ಕರಿಬಾಲದ ಗಾಡ್ವಿಟ್‌ಗಳು, ಮುಖವನ್ನೇ ನೀರಲ್ಲಿ ಮುಳುಗಿಸಿ ತಡಕುತ್ತಿರುತ್ತವೆ. ಅವುಗಳ ನಡುವೆ ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿಗಳು ಎತ್ತೆತ್ತಿ ಹೆಜ್ಜೆ ಇಡುತ್ತವೆ. ಕಾಲಿನುದ್ದ, ಕೊಕ್ಕಿನುದ್ದ, ನೀರಿನಾಳ ಈ ಮೂರೂ ಒಂದಕ್ಕೊಂದು ಹೊಂದಿಕೊಂಡು ಒಂದೇ ಅಂಚಿನಲ್ಲಿ ಹತ್ತು ಜಾತಿಗೆ ಜಾಗವಾಗಿದೆ. ಅರ್ಧ ಅಡಿ ಆಳದ ವ್ಯತ್ಯಾಸದೊಳಗೆ ಇಷ್ಟೊಂದು ಬದುಕು!

ಆದರೆ ಕಣ್ಣಿಗೆ ಕಾಣದ್ದನ್ನು ಗಾಡ್ವಿಟ್ ಹೇಗೆ ಹುಡುಕುತ್ತದೆ? ಇಲ್ಲಿ ಬೆರಗು ಇನ್ನೂ ಆಳಕ್ಕಿಳಿಯುತ್ತದೆ. ಗಾಡ್ವಿಟ್ ಸೇರಿದಂತೆ ಗದ್ದೆಗೊರವ ಬಳಗದ ಹಕ್ಕಿಗಳ ಕೊಕ್ಕಿನ ತುದಿಯ ಮೂಳೆಯಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಆ ಗುಳಿಗಳೊಳಗೆ ಒತ್ತಡದ ಅತಿ ಸೂಕ್ಷ್ಮ ಏರಿಳಿತವನ್ನೂ ಹಿಡಿಯುವ ಹೆರ್ಬ್‌ಸ್ಟ್ ಕಣಗಳೆಂಬ ನರತುದಿಗಳಿವೆ. ಇದೇ ಬಳಗದ ರೆಡ್ ನಾಟ್ ಎಂಬ ಹಕ್ಕಿಯ ಮೇಲೆ ನೆದರ್ಲೆಂಡ್ಸಿನ ಥಿಯೂನಿಸ್ ಪಿಯರ್ಸ್ಮಾ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 1998ರಲ್ಲಿ ಪ್ರಕಟವಾಯಿತು. ಒದ್ದೆ ಮರಳಲ್ಲಿ ಗಟ್ಟಿ ವಸ್ತು ಹೂತಿಟ್ಟರೆ, ಕೊಕ್ಕಿಗೆ ಅದು ತಾಗದಿದ್ದರೂ ಹಕ್ಕಿಗೆ ಗೊತ್ತಾಗುತ್ತಿತ್ತು! ಕೊಕ್ಕು ಚುಚ್ಚಿದಾಗ ಮರಳಕಣಗಳ ನಡುವಿನ ನೀರು ಅತ್ತಿತ್ತ ಒತ್ತರಿಸುತ್ತದೆ. ಅಡಗಿದ ಚಿಪ್ಪು ಆ ಒತ್ತಡಕ್ಕೆ ಅಡ್ಡ ನಿಲ್ಲುತ್ತದೆ. ಆ ಅಡ್ಡಿಯನ್ನು ಕೊಕ್ಕು ಓದಿಬಿಡುತ್ತದೆ. ಮರಳು ಒಣಗಿದ್ದರೆ ಹಕ್ಕಿಗೆ ಏನೂ ತಿಳಿಯಲಿಲ್ಲ. ಈ ಮಾತನ್ನು ಮನಸ್ಸಲ್ಲಿಟ್ಟುಕೊಂಡು ಕೆರೆಯಂಚನ್ನು ಮತ್ತೆ ನೋಡಿ. ತೀರಾ ಒಣಗಿರದ, ತೀರಾ ಮುಳುಗಿರದ ಆ ಕೆಲವೇ ಮಾರು ಅಗಲದ ಪಟ್ಟಿಗೆ ಹಕ್ಕಿಗಳು ಏಕೆ ಅಂಟಿಕೊಂಡಿರುತ್ತವೆ ಎಂಬುದು ಈಗ ಎಷ್ಟು ನಿಚ್ಚಳ!

ಇಷ್ಟಕ್ಕೇ ನಿಲ್ಲುವುದಿಲ್ಲ. ಕೆಸರಲ್ಲಿ ಹೂತ ಕೊಕ್ಕನ್ನು ಪೂರ್ತಿ ಬಿಚ್ಚುವುದು ಕಷ್ಟ. ಹಾಗಾಗಿ ಈ ಹಕ್ಕಿಗಳು ಮೇಲ್ಗೊಕ್ಕಿನ ತುದಿಯನ್ನಷ್ಟೇ ಬಾಗಿಸಿ ಎತ್ತಬಲ್ಲವು. ಇನ್ನು ನೀರಹನಿಯಲ್ಲಿ ತೇಲುವ ಅತಿ ಸಣ್ಣ ಜೀವಿ ತುದಿಗೆ ಸಿಕ್ಕಿತು ಎನ್ನಿ, ಉದ್ದ ಕೊಕ್ಕಿನ ತುದಿಯಿಂದ ಬಾಯೊಳಗೆ ಹೋಗುವುದು ಹೇಗೆ? ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ರೂಪಿಸಿ ಹೆಸರಾದ ಮನು ಪ್ರಕಾಶ್ ಇಬ್ಬರು ಸಹವಿಜ್ಞಾನಿಗಳೊಡನೆ 2008ರಲ್ಲಿ ಇದನ್ನು ಬಿಡಿಸಿಟ್ಟರು. ಫ್ಯಾಲರೋಪ್‌ನಂಥ ತೆಳುಕೊಕ್ಕಿನ ಹಕ್ಕಿ ಕೊಕ್ಕನ್ನು ಚೂರೇ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತದೆ. ಪ್ರತಿ ಸಲವೂ ಹನಿ ತನ್ನ ಮೇಲ್ಮೈ ಸೆಳೆತದಿಂದಲೇ ಒಂದೊಂದು ಮೆಟ್ಟಿಲು ಮೇಲೇರುತ್ತದೆ. ನೀರು ಗುರುತ್ವವನ್ನು ಮೀರಿ ಬಾಯಿಗೆ ನಡೆದು ಬರುತ್ತದೆ!

ಈಗ ಕಣ್ಣನ್ನು ಊರ ಕೆರೆಯಿಂದ ದೊಡ್ಡ ನೀರಿನತ್ತ ತಿರುಗಿಸೋಣ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಸುಮಾರಿಗೆ ಬಂದಿದೆ. ರೈತರ ಪಾಲಿಗೆ ಇದು ನೋವಿನ ಲೆಕ್ಕ, ಅದನ್ನು ಹಗುರವಾಗಿ ಹೇಳುವಂತಿಲ್ಲ. ಅದೇ ಹೂಳು ಬೇಸಿಗೆಗೆ ಹಿನ್ನೀರಿನಲ್ಲಿ ಮೈಲಿಗಟ್ಟಲೆ ನುಣ್ಣನೆಯ ಬಯಲಾಗಿ ತೆರೆದುಕೊಂಡಾಗ, ಹರಿಗೋಲಿನ ಮೀನುಗಾರರ ನೆತ್ತಿಯ ಮೇಲೆ ಬಿಳಿ ರೆಕ್ಕೆಗಳು ಸುತ್ತುತ್ತವೆ. ಗಲ್‌ಗಳು! ಕಾರವಾರ, ಮಲ್ಪೆಯ ಕಡಲಲ್ಲಿ ಕಾಣುವ ಈ ಹಕ್ಕಿಗಳು ಕರಾವಳಿಯಿಂದ ಇಷ್ಟು ಒಳನಾಡಿನ ಜಲಾಶಯಗಳಿಗೂ ಬರುತ್ತವೆ ಎಂಬುದೇ ಮೊದಲ ಅಚ್ಚರಿ. ಎರಡನೆಯದು ಇನ್ನೂ ದೊಡ್ಡದು. ಕಂದು ತಲೆಯ ಗಲ್ ಮರಿ ಮಾಡುವುದು ಟಿಬೆಟ್ ಪ್ರಸ್ಥಭೂಮಿ ಮತ್ತು ಲಡಾಖಿನ ಎತ್ತರದ ಸರೋವರಗಳಲ್ಲಿ, ತ್ಸೋ ಮೊರಿರಿಯಂಥ ಕಡೆ, ಸಮುದ್ರಮಟ್ಟದಿಂದ 4,500 ಮೀಟರ್ ಮೇಲೆ.

ಗಲ್‌ಗಳನ್ನು ಗುರುತಿಸುವುದು ಒಂದು ವ್ರತ. ಚಳಿಗಾಲದಲ್ಲಿ ಕಂದು ತಲೆಯ ಗಲ್‌ಗೆ ಕಂದು ತಲೆಯೇ ಇರುವುದಿಲ್ಲ. ಬಿಳಿ ತಲೆ, ಕಿವಿಯ ಹಿಂದೊಂದು ಕಪ್ಪು ಚುಕ್ಕೆ, ಅಷ್ಟೆ. ಬಲಿತ ಹಕ್ಕಿಯ ಕಣ್ಣು ತಿಳಿಬಣ್ಣದ್ದೇ ಎಂದು ನೋಡಬೇಕು. ಅದು ಹಾರುವವರೆಗೆ ಕಾದು ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಮಚ್ಚೆ ಇದೆಯೇ ಎಂದು ಹುಡುಕಬೇಕು. ಬಾಲದ ತುದಿಗೆ ಕಪ್ಪು ಪಟ್ಟಿ, ರೆಕ್ಕೆಯ ಮೇಲೆ ಕಂದು ಕಲೆ ಕಂಡರೆ ಅದು ಇನ್ನೂ ಮರಿ, ಹೋದ ಬೇಸಿಗೆಯಲ್ಲಿ ಹುಟ್ಟಿದ್ದು. ಫೆಬ್ರವರಿ ದಾಟುತ್ತಲೇ ಒಂದೊಂದರ ತಲೆಗೂ ಬಣ್ಣ ಇಳಿಯತೊಡಗುತ್ತದೆ. ಆಗ ಆ ಗುಂಪಿನ ನಡುವೆ ಎಲ್ಲವನ್ನೂ ಕುಳ್ಳಾಗಿಸಿ ಒಂದು ನಿಂತಿರುತ್ತದೆ. ದಪ್ಪ ಹಳದಿ ಕೊಕ್ಕು, ಅದರ ತುದಿಯ ಬಳಿ ಕಪ್ಪು, ಕೆಂಪು. ತಲೆ ಪೂರಾ ಕಪ್ಪು, ಕಣ್ಣಿನ ಮೇಲೆ ಕೆಳಗೆ ಬಿಳಿ ಗೀರು. ಪಲ್ಲಾಸಸ್ ಗಲ್! ಪೀಟರ್ ಸೈಮನ್ ಪಲ್ಲಾಸ್ 1773ರಲ್ಲಿ ಲೋಕಕ್ಕೆ ಪರಿಚಯಿಸಿದ ಹಕ್ಕಿ ಇದು. ಕ್ಯಾಸ್ಪಿಯನ್ ಕಡಲಿನಿಂದ ಮಂಗೋಲಿಯದವರೆಗಿನ ಸರೋವರಗಳ ನಿವಾಸಿ. ಪೂರ್ಣ ಉಡುಗೆ ತೊಡಲು ಇದಕ್ಕೆ ಸುಮಾರು ನಾಲ್ಕು ವರ್ಷ ಬೇಕು. ಕನ್ನಡ ನಾಡಿನ ಹಿನ್ನೀರಿನ ಹೂಳಿನ ಮೇಲೆ ಅದು ನಿಂತಿರುವುದನ್ನು ಕಂಡಾಗ ಮೈ ನವಿರೇಳದಿದ್ದರೆ ಹೇಗೆ!

ದೂರದವರು ಉಂಡು ಹೊರಡುವ ಸಿದ್ಧತೆಯಲ್ಲಿರುವಾಗಲೇ ನಮ್ಮವು ಸಂಸಾರ ಹೂಡುತ್ತವೆ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನೀರು ಇಳಿದು ನಡುಗಡ್ಡೆ ತಲೆ ಎತ್ತಿದ ಕೂಡಲೇ ಗಲ್‌ಗಳ ನೆಂಟರಾದ ಹೊಳೆ ರೀವಗಳು, ಎಲ್ಲರೂ ರಿವರ್ ಟರ್ನ್ ಎನ್ನುವ ಹಳದಿ ಕೊಕ್ಕಿನ ಚೆಲುವೆಯರು, ಸಾವಿರಗಟ್ಟಲೆ ಬಂದು ಬರಿನೆಲದಲ್ಲೇ ಮೊಟ್ಟೆ ಇಡುತ್ತವೆ. ಜಗತ್ತಿನ ಅಪಾಯಕ್ಕೊಳಗಾದ ಹಕ್ಕಿಗಳ ಪಟ್ಟಿಗೆ ಸೇರಿರುವ ಜಾತಿ ಇದು. ನೀರು ಇಳಿಯದಿದ್ದರೆ ಆ ನೆಲವಿಲ್ಲ, ನೆಲವಿಲ್ಲದಿದ್ದರೆ ಮರಿಯಿಲ್ಲ. ನದಿಯ ಮರಳ ದಿಬ್ಬಗಳ ಮೇಲೆ ಪುಟ್ಟ ಚಿಟವ ಎಂಬ ಹಕ್ಕಿಗಳೂ ಹೀಗೆಯೇ ಮೊಟ್ಟೆ ಇಡುತ್ತವೆ, ಮಣ್ಣಿನದೇ ಬಣ್ಣ, ಮಣ್ಣಿನದೇ ಚುಕ್ಕಿ. ಸುಡುವ ಏಪ್ರಿಲ್ ಮಧ್ಯಾಹ್ನ ಮೊಟ್ಟೆ ಬೇಯದಂತೆ ಕಾಯುವುದು ಹೇಗೆ? ಟಿಟ್ಟಿಭವನ್ನು ಗಮನಿಸಿ. ನೀರಿಗಿಳಿದು ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ! ರೀವಗಳೂ ಇದನ್ನು ಬಲ್ಲವು. ಅದಕ್ಕೇ ಒಣ ಅಂಗಳ ಖಾಲಿಯೆಂದು ಜೀಪು, ಟ್ರ್ಯಾಕ್ಟರ್ ಓಡಿಸುವ ಮುನ್ನ ಒಂದು ಗಳಿಗೆ ನಿಲ್ಲಬೇಕು. ಚಕ್ರದ ಮುಂದಿನ ಬೆಣಚುಕಲ್ಲು ಮೊಟ್ಟೆಯಾಗಿರಬಹುದು.

ಏಪ್ರಿಲ್ ಬಂತೆಂದರೆ ಕೆಸರಿನ ಮೇಲೆ ಬಣ್ಣ ಏರುತ್ತದೆ. ತಿಂಗಳುಗಟ್ಟಲೆ ಬೂದು ತೊಟ್ಟಿದ್ದ ಗಾಡ್ವಿಟ್‌ಗಳ ಕುತ್ತಿಗೆ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಮಂಕಾಗಿ ಕಾಣುವ ರಫ್‌ಗಳ ಕಥೆ ಕೇಳಿ: ಉತ್ತರದ ಹುಲ್ಲುಬಯಲಲ್ಲಿ ಗಂಡುಗಳು ಕೊರಳ ಸುತ್ತ ದೊಡ್ಡ ಗರಿಯ ಗೊಂಡೆ ಕಟ್ಟಿ ಕುಣಿತದ ಕಣಕ್ಕಿಳಿಯುತ್ತವೆ. ಗಂಡುಗಳಲ್ಲೇ ಮೂರು ಬಗೆ: ಕಣ ಕಾಯುವ ಕರಿಗೊಂಡೆಯವು, ಅವುಗಳ ಬೆನ್ನಿಗಿರುವ ಬಿಳಿಗೊಂಡೆಯವು, ಹೆಣ್ಣಿನದೇ ವೇಷದಲ್ಲಿ ನುಸುಳುವವು. ಸುಮಾರು 38 ಲಕ್ಷ ವರ್ಷಗಳ ಹಿಂದೆ ವರ್ಣತಂತುವಿನ ಒಂದು ತುಣುಕು ತಿರುವುಮುರುವಾಗಿದ್ದೇ ಇದಕ್ಕೆಲ್ಲ ಮೂಲ ಎಂದು 2015ರಲ್ಲಿ ತಿಳಿದುಬಂತು. ಇನ್ನು ಕೋಡಿಯ ಹಳ್ಳದಲ್ಲಿ ಒಂಟಿಯಾಗಿ ಬಾಲ ಕುಣಿಸುವ ಹಸಿರು ಗದ್ದೆಗೊರವ! ಇಲ್ಲಿ ನೀರಂಚು ಬಿಟ್ಟು ಕದಲದ ಈ ಹಕ್ಕಿ ಉತ್ತರದ ಕಾಡುಗಳಲ್ಲಿ ಮರವೇರಿ, ಬೇರೆ ಹಕ್ಕಿ ಬಿಟ್ಟುಹೋದ ಹಳೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ಅಲ್ಲಿಂದ ನೆಲಕ್ಕೆ ಧುಮುಕುತ್ತವೆ.

ಇದನ್ನೆಲ್ಲ ನೋಡಲು ದೂರ ಹೋಗಬೇಕಿಲ್ಲ, ಹೊತ್ತು ಗೊತ್ತಿದ್ದರೆ ಸಾಕು. ಗದಗ ಜಿಲ್ಲೆಯ ಮಾಗಡಿ ಕೆರೆ ಸುಮಾರು 54 ಹೆಕ್ಟೇರಿನ ಪುಟ್ಟ ಕೆರೆ. ಪಟ್ಟೆತಲೆ ಹೆಬ್ಬಾತುಗಳಿಂದ ಹೆಸರಾಗಿ 2024ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿ ಹೆಬ್ಬಾತು ನೋಡಿ ಮುಗಿಸಿದವರು ಅವುಗಳ ಕಾಲಬುಡದ ಕೆಸರನ್ನೂ ನೋಡಬೇಕು. ಆಲಮಟ್ಟಿಯ ಹಿನ್ನೀರು ಇಳಿದಾಗ ಬಾಗಲಕೋಟೆಯ ಬಳಿ ರಾಜಹಂಸಗಳು ಬರುತ್ತವೆ. ಅವುಗಳ ಸುತ್ತಲೂ ಈ ಪುಟಾಣಿಗಳಿರುತ್ತವೆ. ಏಷ್ಯಾದ ನೀರಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಜನವರಿಯಲ್ಲಿ ನೀರು ಇನ್ನೂ ತುಂಬಿರುವ ಕೆರೆಯನ್ನು ಎಣಿಸಿ ಬಂದವರು ಮಾರ್ಚಿನಲ್ಲಿ ಅದೇ ಏರಿಗೆ ಮತ್ತೆ ಹೋದರೆ ಬೇರೆಯದೇ ಕೆರೆ ಎದುರಾಗುತ್ತದೆ. ಬೆಳಗಿನ ಸೂರ್ಯ ಬೆನ್ನಿಗಿರಲಿ. ಕೆಸರಿಗೆ ಇಳಿಯದೆ ದಡದಲ್ಲಿ ಕುಳಿತುಬಿಡಿ. ಅಲುಗದೆ ಕುಳಿತವರ ಹತ್ತಿರಕ್ಕೆ ಅವೇ ಕುಕ್ಕುತ್ತ ಬರುತ್ತವೆ. ಕಂಡದ್ದನ್ನು ದಿನಾಂಕದೊಂದಿಗೆ ಬರೆದಿಡಿ.

ಒಂದು ಮಾತನ್ನು ಒತ್ತಿ ಹೇಳಲೇಬೇಕು. ಊರೂರಲ್ಲಿ ಕೆರೆ ಅಭಿವೃದ್ಧಿಯ ಹೆಸರಲ್ಲಿ ಹಿಂಬದಿಯ ಇಳಿಜಾರನ್ನೆಲ್ಲ ಅಗೆದು, ಸುತ್ತ ಕಡಿದಾದ ದಂಡೆ ಕಟ್ಟಿ, ಕಲ್ಲು ಜೋಡಿಸಿ, ಮೇಲೆ ನಡಿಗೆಯ ಹಾದಿ ಮಾಡುವುದು ನಡೆದಿದೆ. ಹೂಳೆತ್ತುವುದು ಬೇಕು, ನೀರು ನಿಲ್ಲಬೇಕು, ಬಾವಿಗೆ ಒರತೆ ಬರಬೇಕು; ಇದರಲ್ಲಿ ಎರಡು ಮಾತಿಲ್ಲ. ಆದರೆ ದಂಡೆ ಕಡಿದಾದರೆ ಲೆಕ್ಕವೇ ತಿರುಗಿಬೀಳುತ್ತದೆ. ನೀರು ಒಂದು ಅಂಗುಲ ಇಳಿದಾಗ ಅಂಚು 40 ಅಡಿ ಸರಿಯುತ್ತಿದ್ದಲ್ಲಿ ಈಗ ಒಂದೆರಡು ಅಂಗುಲವೂ ಸರಿಯದು. ಕೆಸರಿಲ್ಲ, ಕೆಸರಿನ ಹುಳುವಿಲ್ಲ, ಕಾಲೂರಲು ಜಾಗವಿಲ್ಲ. ಅಂಥ ಕೆರೆ ಎಷ್ಟೇ ಅಂದವಾಗಿದ್ದರೂ ಸೈಬೀರಿಯದ ಹಕ್ಕಿ ಅದರ ಮೇಲೆ ಒಂದು ಸುತ್ತು ಹಾರಿ ಮುಂದೆ ಹೋಗುತ್ತದೆ. ಏರಿಯ ಬದಿ ಆಳ ಮಾಡಿ ಹಿಂಬದಿಯ ಇಳಿಜಾರನ್ನು ಹಾಗೇ ಬಿಟ್ಟರೆ ಊರಿಗೆ ನೀರೂ ಉಳಿಯುತ್ತದೆ, ಹಕ್ಕಿಗೆ ಅಂಗಳವೂ ಉಳಿಯುತ್ತದೆ. ಹಿರಿಯರು ಕಟ್ಟಿದ ಕೆರೆಗಳಲ್ಲಿ ಎರಡೂ ಇದ್ದವು.

ಕೊನೆಯದಾಗಿ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗಾಗಿಸಿದ ಸಂಗತಿ. ಕೆಸರಂಚಿನಲ್ಲಿ ನಡೆಯುವ ಈ ದಾರಿಹೋಕರ ಮರಿಗಳು ಮೊಟ್ಟೆಯೊಡೆದ ದಿನವೇ ಎದ್ದು ಓಡಾಡಿ ತಮ್ಮ ಹುಳುವನ್ನು ತಾವೇ ಹೆಕ್ಕುತ್ತವೆ. ಅವು ರೆಕ್ಕೆ ಬಲಿತು ಹೊರಡುವ ಹೊತ್ತಿಗೆ ಸ್ಟಿಂಟ್‌ನಂಥ ಹಲವು ಜಾತಿಗಳಲ್ಲಿ ದೊಡ್ಡವು ಆಗಲೇ ದಕ್ಷಿಣಕ್ಕೆ ಹೊರಟುಹೋಗಿರುತ್ತವೆ. ದಾರಿ ತೋರಿಸಲು ತಂದೆತಾಯಿ ಜೊತೆಗಿಲ್ಲ. ಕೆಲವೇ ವಾರಗಳ ಜೀವ ತನ್ನೊಳಗೆ ಹುಟ್ಟಿನಿಂದಲೇ ಬಂದ ದಿಕ್ಕನ್ನು ನಂಬಿ, ಎಂದೂ ನೋಡದ ನಾಡಿನತ್ತ, ಎಂದೂ ನೋಡದ ಕೆಸರಿನತ್ತ ಹಾರುತ್ತದೆ. ಅದು ನಂಬಿ ಬರುವ ನೆಲದ ಹೊಣೆ ನಮ್ಮದು. ನಿಮ್ಮೂರ ಕೆರೆಯ ನಕ್ಷೆ ಈ ವರ್ಷ ಗ್ರಾಮಸಭೆಯ ಮುಂದೆ ಬಂದರೆ ಎದ್ದು ನಿಂತು ಕೇಳಿ: ಹಿಂಬದಿಯ ಇಳಿಜಾರನ್ನು ಅಗೆಯಬೇಡಿ, ನಮ್ಮ ಕೆರೆಗೆ ದೂರದಿಂದ ಬರುವವರಿದ್ದಾರೆ.